ಬೆಂಗಳೂರಿನಿಂದ ಮಂಗಳೂರಿಗೆ: ವಿಮಾನದ ಒಂದು ಗಂಟೆ, ಬಸ್ಸಿನ ಒಂದು ರಾತ್ರಿ, ರೈಲಿನ ಒಂದು ಹಗಲು

ದೇವನಹಳ್ಳಿಯ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದಿಂದ ಮಂಗಳೂರಿನ ಬಜ್ಪೆಯ ನಿಲ್ದಾಣಕ್ಕೆ ಆಕಾಶದಲ್ಲಿ ನೇರ ಗೆರೆ ಎಳೆದರೆ ಅದರ ಉದ್ದ ಸುಮಾರು 305 ಕಿ.ಮೀ. ವೇಳಾಪಟ್ಟಿಗಳು ಈ ಹಾರಾಟಕ್ಕೆ ಒಂದು ಗಂಟೆ ಐದು ನಿಮಿಷದಿಂದ ಒಂದೂಕಾಲು ಗಂಟೆಯವರೆಗೆ ಸಮಯ ತೋರಿಸುತ್ತವೆ. ನೆಲದ ಮೇಲೆ ನೆಲಮಂಗಲ, ಕುಣಿಗಲ್, ಹಾಸನ, ಸಕಲೇಶಪುರ, ಶಿರಾಡಿ ಘಾಟಿ, ಉಪ್ಪಿನಂಗಡಿ, ಬಿ.ಸಿ. ರೋಡ್ ಹಾದು ಹೋಗುವ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಅದೇ ಪ್ರಯಾಣ ಸುಮಾರು 350 ಕಿ.ಮೀ. ಆಗುತ್ತದೆ ಮತ್ತು ಏಳೆಂಟು ಗಂಟೆ ಹಿಡಿಯುತ್ತದೆ. ಅಂತರದಲ್ಲಿ ಐವತ್ತು ಕಿಲೋಮೀಟರಿನಷ್ಟೂ ವ್ಯತ್ಯಾಸವಿಲ್ಲದೆ ಸಮಯದಲ್ಲಿ ಆರೇಳು ಗಂಟೆ ಉಳಿಯುತ್ತದೆ ಎಂದಾದರೆ ಯೋಚಿಸುವುದಕ್ಕೆ ಏನಿದೆ ಎಂದು ಕೇಳುವವರಿದ್ದಾರೆ. ಯೋಚಿಸುವುದಕ್ಕೆ ಬಹಳವಿದೆ, ಏಕೆಂದರೆ ಈ ಪ್ರಯಾಣದಲ್ಲಿ ಹಾರಾಟ ಹಿಡಿಯುವುದು ಒಟ್ಟು ಸಮಯದ ಸಣ್ಣ ಪಾಲು ಮಾತ್ರ, ಉಳಿದ ಸಮಯವೆಲ್ಲ ಎರಡು ತುದಿಗಳಲ್ಲಿ ಕಳೆದುಹೋಗುತ್ತದೆ.

ಬೆಂಗಳೂರಿನಲ್ಲಿ ನೆಲೆಸಿದ ಕರಾವಳಿಯವರಿಗೆ ‘ಊರಿಗೆ ಹೋಗುವುದು’ ಎಂಬುದು ವರ್ಷಕ್ಕೆ ನಾಲ್ಕಾರು ಬಾರಿ ಎದುರಾಗುವ ಲೆಕ್ಕಾಚಾರ. ಪ್ರತಿ ಬಾರಿಯೂ ವಿಮಾನವೋ, ರಾತ್ರಿ ಬಸ್ಸೋ, ರೈಲೋ, ಸ್ವಂತ ಕಾರೋ ಎಂದು ಮನೆಯಲ್ಲಿ ಚರ್ಚೆಯಾಗುತ್ತದೆ. ಎಲ್ಲರಿಗೂ ಒಪ್ಪುವ ಒಂದು ಉತ್ತರ ಇಲ್ಲಿ ಸಿಗುವುದಿಲ್ಲವಾದರೂ, ಅವರವರ ಉತ್ತರವನ್ನು ಅವರವರೇ ಕಂಡುಕೊಳ್ಳಲು ಬೇಕಾದ ಅಳತೆಗೋಲುಗಳನ್ನು ಮೊದಲು ಗೊತ್ತು ಮಾಡಿಕೊಳ್ಳಬಹುದು.

ಮೊದಲನೆಯದು, ಹೊಸ್ತಿಲಿನಿಂದ ಹೊಸ್ತಿಲಿಗೆ ಆಗುವ ಸಮಯ. ಟಿಕೆಟ್ಟಿನ ಮೇಲೆ ಅಚ್ಚಾದ ಹೊರಡುವ ಹೊತ್ತು ಮತ್ತು ತಲಪುವ ಹೊತ್ತಿನ ನಡುವಿನ ಅಂತರವನ್ನಲ್ಲ, ಮನೆಯ ಬೀಗ ಹಾಕಿದ ಕ್ಷಣದಿಂದ ಊರಿನ ಮನೆಯ ಅಂಗಳದಲ್ಲಿ ಕಾಲಿಡುವವರೆಗಿನ ಸಮಯವನ್ನು ಎಣಿಸಬೇಕು. ಎರಡನೆಯದನ್ನು ಬಹಳ ಮಂದಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ: ಆ ಸಮಯದಲ್ಲಿ ಎಚ್ಚರದ ಗಂಟೆಗಳು ಎಷ್ಟು ಎಂಬುದು. ರಾತ್ರಿ ಹನ್ನೊಂದಕ್ಕೆ ಮಲಗಿ ಬೆಳಿಗ್ಗೆ ಆರಕ್ಕೆ ಏಳುವವನಿಗೆ ಆ ಏಳು ಗಂಟೆಗಳಲ್ಲಿ ಬಸ್ಸು ಓಡಿತೋ ಮಂಚ ನಿಂತಲ್ಲೇ ನಿಂತಿತೋ ಎಂಬುದರಿಂದ ದಿನದ ಕೆಲಸಕ್ಕೆ ನಷ್ಟವೇನೂ ಇಲ್ಲ, ಆದರೆ ಓಡುವ ಬಸ್ಸಿನಲ್ಲಿ ನಿದ್ದೆ ಬರಬೇಕು. ಮೂರನೆಯದು ಖರ್ಚು, ಇದರಲ್ಲಿ ಎರಡೂ ತುದಿಯ ಟ್ಯಾಕ್ಸಿ, ಆಟೋ ಬಾಡಿಗೆಯೂ ಸೇರಬೇಕು. ನಾಲ್ಕನೆಯದು, ಕೆಟ್ಟರೆ ಎಷ್ಟು ಕೆಡುತ್ತದೆ ಎಂಬುದು. ಮಳೆಗಾಲದಲ್ಲಿ ಘಾಟಿ ಕುಸಿದಾಗ, ಬಜ್ಪೆಯ ಗುಡ್ಡಕ್ಕೆ ಮೋಡ ಕವಿದಾಗ ಅಥವಾ ಹೆಬ್ಬಾಳದಲ್ಲಿ ವಾಹನಗಳು ಕದಲದೆ ನಿಂತಾಗ ಪ್ರಯಾಣ ಎರಡು ಗಂಟೆ ತಡವಾಗುತ್ತದೆಯೇ, ಇಡೀ ದಿನವೇ ಹಾಳಾಗುತ್ತದೆಯೇ ಎಂದು ನೋಡಬೇಕು. ಕೊನೆಯದಾಗಿ, ಹೋಗುವವರ ವಯಸ್ಸು, ಆರೋಗ್ಯ, ಜತೆಗೆ ಒಯ್ಯುವ ಸಾಮಾನು.

ವಿಮಾನದ ಲೆಕ್ಕ

ಬೆಂಗಳೂರಿನ ವಿಮಾನ ನಿಲ್ದಾಣ 2008ರ ಮೇ ತಿಂಗಳಲ್ಲಿ ಎಚ್‌ಎಎಲ್‌ನಿಂದ ದೇವನಹಳ್ಳಿಗೆ ಸ್ಥಳಾಂತರವಾದ ದಿನವೇ ಮಂಗಳೂರಿನ ವಿಮಾನಯಾನದ ಲೆಕ್ಕ ಬದಲಾಯಿತು. ಮಂಗಳೂರು ಇರುವುದು ಬೆಂಗಳೂರಿನ ಪಶ್ಚಿಮಕ್ಕೆ. ವಿಮಾನ ನಿಲ್ದಾಣ ಇರುವುದು ನಗರದ ಈಶಾನ್ಯಕ್ಕೆ, ಮೆಜೆಸ್ಟಿಕ್‌ನಿಂದ ಸುಮಾರು 35 ಕಿ.ಮೀ. ದೂರದಲ್ಲಿ. ಅಂದರೆ ವಿಜಯನಗರದವರು ಅಥವಾ ರಾಜರಾಜೇಶ್ವರಿ ನಗರದವರು ವಿಮಾನ ಹತ್ತಬೇಕಾದರೆ ಮೊದಲು ಮಂಗಳೂರಿಗೆ ಬೆನ್ನು ಹಾಕಿ, ನಗರದ ಅತಿ ದಟ್ಟವಾದ ಸಂಚಾರವನ್ನು ಸೀಳಿಕೊಂಡು ಹೋಗಬೇಕು. ಅಷ್ಟೇ ಹೊತ್ತಿನಲ್ಲಿ ಅವರು ತುಮಕೂರು ರಸ್ತೆ ಹಿಡಿದಿದ್ದರೆ ನೆಲಮಂಗಲ ದಾಟಿ ಕುಣಿಗಲ್ ಸಮೀಪ ಇರುತ್ತಿದ್ದರು.

ಜಯನಗರದಿಂದ ಮಂಗಳೂರಿನ ಹಂಪನಕಟ್ಟೆಗೆ ಹೋಗುವ ಒಬ್ಬರ ಲೆಕ್ಕವನ್ನು ಬಿಡಿಸಿ ನೋಡೋಣ. ಹಗಲು ಹೊತ್ತಿನಲ್ಲಿ ಜಯನಗರದಿಂದ ನಿಲ್ದಾಣಕ್ಕೆ ಒಂದೂವರೆ ಗಂಟೆ ಇಟ್ಟುಕೊಳ್ಳಲೇಬೇಕು. ದೇಶೀಯ ಹಾರಾಟಗಳಿಗೆ ಚೆಕ್‌ಇನ್ ಕೌಂಟರು ಸಾಮಾನ್ಯವಾಗಿ ಹೊರಡುವ 60 ನಿಮಿಷ ಮೊದಲೇ ಮುಚ್ಚುತ್ತದೆ, ಗೇಟು 25 ನಿಮಿಷ ಮೊದಲು ಮುಚ್ಚುತ್ತದೆ. ಆದ್ದರಿಂದ ಭದ್ರತಾ ತಪಾಸಣೆಯ ಸಾಲನ್ನೂ ಸೇರಿಸಿ ಒಂದೂವರೆ ಗಂಟೆ ಮುಂಚೆ ನಿಲ್ದಾಣದಲ್ಲಿರುವುದು ವಿವೇಕ. ಹಾರಾಟಕ್ಕೆ ಒಂದು ಗಂಟೆ ಹತ್ತು ನಿಮಿಷ. ಇಳಿದು, ಚೀಲ ಬರುವವರೆಗೆ ಕಾದು ಹೊರಬರಲು ಇಪ್ಪತ್ತು ನಿಮಿಷ. ಬಜ್ಪೆಯಿಂದ ಹಂಪನಕಟ್ಟೆಗೆ ಹದಿಮೂರು ಹದಿನಾಲ್ಕು ಕಿ.ಮೀ., ಅದಕ್ಕೆ ನಲವತ್ತು ನಿಮಿಷ. ಒಟ್ಟು ಐದು ಗಂಟೆ ಹತ್ತು ನಿಮಿಷ. ಅದೇ ವ್ಯಕ್ತಿ ಬಸ್ಸಿನಲ್ಲಿ ಹೋದರೆ ಮೆಜೆಸ್ಟಿಕ್‌ಗೆ ಅರ್ಧ ಗಂಟೆ, ಅಲ್ಲಿ ಕಾಲು ಗಂಟೆ, ಬಸ್ಸಿನಲ್ಲಿ ಏಳೂವರೆ, ಬಿಜೈ ಬಸ್ ನಿಲ್ದಾಣದಿಂದ ಮನೆಗೆ ಮತ್ತೆ ಕಾಲು ಗಂಟೆ. ಒಟ್ಟು ಎಂಟೂವರೆ ಗಂಟೆ. ಉಳಿದದ್ದು ಮೂರು ಗಂಟೆ ಇಪ್ಪತ್ತು ನಿಮಿಷ. ಟಿಕೆಟ್ಟುಗಳು ಹೇಳುವ ಆರೂಕಾಲು ಗಂಟೆಯ ಉಳಿತಾಯದಲ್ಲಿ ಸರಿಸುಮಾರು ಅರ್ಧ ಎರಡು ತುದಿಗಳಲ್ಲೇ ಕರಗಿಹೋಯಿತು.

ವೇಗದ ರೂಪದಲ್ಲಿ ಹೇಳುವುದಾದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಗಂಟೆಗೆ 800 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಹಾರಬಲ್ಲ ಏರ್‌ಬಸ್ ವಿಮಾನಕ್ಕೆ ಈ ಮಾರ್ಗದಲ್ಲಿ ಆ ವೇಗ ತಲಪಿ ನಿಲ್ಲಲು ಜಾಗವೇ ಸಿಗುವುದಿಲ್ಲ, ಏರಿ ಮುಗಿಯುವಷ್ಟರಲ್ಲಿ ಇಳಿಯುವ ಹೊತ್ತಾಗಿರುತ್ತದೆ. ಜತೆಗೆ ವೇಳಾಪಟ್ಟಿಯ ಸಮಯವೆಂದರೆ ವಿಮಾನ ನಿಂತ ಜಾಗದಿಂದ ಕದಲಿದ ಕ್ಷಣದಿಂದ ಇನ್ನೊಂದು ಊರಿನಲ್ಲಿ ನಿಲ್ಲುವವರೆಗಿನ ಸಮಯ, ರನ್‌ವೇವರೆಗೆ ತೆವಳುವ ನಿಮಿಷಗಳೂ ಅದರಲ್ಲಿ ಸೇರಿವೆ. 305 ಕಿ.ಮೀ.ಯನ್ನು ಎಪ್ಪತ್ತು ನಿಮಿಷಕ್ಕೆ ಭಾಗಿಸಿದರೆ ಬರುವ ಸರಾಸರಿ ಗಂಟೆಗೆ 260 ಕಿ.ಮೀ. ಹೊಸ್ತಿಲಿನಿಂದ ಹೊಸ್ತಿಲಿಗೆ ಎಣಿಸಿದರೆ ಅದು ಗಂಟೆಗೆ ಅರುವತ್ತಕ್ಕೂ ಕಡಿಮೆ. ಹಾಗಾಗಿಯೇ ಈ ಮಾರ್ಗದಲ್ಲಿ ಎರಡು ಪ್ರೊಪೆಲರ್‌ಗಳ ಚಿಕ್ಕ ಎಟಿಆರ್ ವಿಮಾನವೇ ಸಿಕ್ಕಿದರೂ ಬೇಸರಿಸಬೇಕಾಗಿಲ್ಲ. ಅದರ ವೇಗ ಗಂಟೆಗೆ 500 ಕಿ.ಮೀ. ಆಸುಪಾಸು ಆದರೂ ಒಟ್ಟು ಸಮಯದಲ್ಲಿ ಹತ್ತು ಹದಿನೈದು ನಿಮಿಷಕ್ಕಿಂತ ಹೆಚ್ಚಿನ ವ್ಯತ್ಯಾಸ ಬಾರದು. ಎಟಿಆರ್‌ನಲ್ಲಿ ತಲೆಯ ಮೇಲಿನ ಗೂಡು ಚಿಕ್ಕದು ಎಂಬುದನ್ನು ಮಾತ್ರ ನೆನಪಿಡಬೇಕು.

ಈ ಲೆಕ್ಕ ಎಲ್ಲರಿಗೂ ಒಂದೇ ಅಲ್ಲ. ಯಲಹಂಕ, ಹೆಬ್ಬಾಳ, ಸಹಕಾರ ನಗರ, ಥಣಿಸಂದ್ರದ ಕಡೆ ಮನೆ ಇರುವವರು ಅರ್ಧ ಮುಕ್ಕಾಲು ಗಂಟೆಯಲ್ಲಿ ನಿಲ್ದಾಣ ಸೇರುವುದರಿಂದ ಅವರ ಒಟ್ಟು ಸಮಯ ನಾಲ್ಕೂಕಾಲು ಗಂಟೆಗೆ ಇಳಿಯುತ್ತದೆ. ಅವರಿಗೆ ವಿಮಾನ ನಿಜಕ್ಕೂ ವಿಮಾನವೇ. ಎಲೆಕ್ಟ್ರಾನಿಕ್ ಸಿಟಿಯವರಿಗೆ ಇಡೀ ನಗರವನ್ನು ದಕ್ಷಿಣದಿಂದ ಉತ್ತರಕ್ಕೆ ದಾಟಬೇಕಾಗುವುದರಿಂದ ಸಂಜೆಯ ಹೊತ್ತಿನಲ್ಲಿ ನಿಲ್ದಾಣದ ದಾರಿಯೇ ಹಾರಾಟಕ್ಕಿಂತ ಎರಡು ಪಾಲು ದೀರ್ಘವಾಗಬಹುದು. ನಿಲ್ದಾಣಕ್ಕೆ ಹೋಗುವ ಮೆಟ್ರೊ ಮಾರ್ಗದ ನಿರ್ಮಾಣ ನಡೆಯುತ್ತಿದೆ. ಅದು ಓಡತೊಡಗಿದ ಮೇಲೆ ಈ ಪ್ಯಾರಾವನ್ನು ತಿದ್ದಿ ಓದಿಕೊಳ್ಳಬೇಕಾಗುತ್ತದೆ.

ಕರಾವಳಿಯ ತುದಿಯೂ ಅಷ್ಟೇ ಮುಖ್ಯ, ಮತ್ತು ಇಲ್ಲಿಯೇ ಬಹಳ ಮಂದಿ ತಪ್ಪುವುದು. ‘ಮಂಗಳೂರು’ ಎಂದು ಟಿಕೆಟ್ ತೆಗೆಯುವವರಲ್ಲಿ ಅನೇಕರ ಊರು ಮಂಗಳೂರಲ್ಲ. ಮೂಡುಬಿದಿರೆ, ಕಿನ್ನಿಗೋಳಿ, ಕಟೀಲಿನ ಕಡೆಯವರಿಗೆ ಬಜ್ಪೆ ಹತ್ತಿರ. ಅವರು ನಗರವನ್ನು ಮುಟ್ಟದೆಯೇ ಮನೆ ಸೇರಬಹುದು. ಉಡುಪಿ, ಮಣಿಪಾಲದವರಿಗೆ ಬಜ್ಪೆಯಿಂದ ಐವತ್ತೈದು ಅರುವತ್ತು ಕಿ.ಮೀ., ಅಂದರೆ ಇನ್ನೊಂದೂವರೆ ಗಂಟೆ. ಪುತ್ತೂರು, ಉಪ್ಪಿನಂಗಡಿ, ಸುಳ್ಯ, ಬೆಳ್ತಂಗಡಿಯವರ ಸ್ಥಿತಿಯಂತೂ ವಿಚಿತ್ರ: ಅವರ ಊರು ಬೆಂಗಳೂರಿಗೂ ಮಂಗಳೂರಿಗೂ ನಡುವೆ ಇದೆ. ವಿಮಾನ ಅವರನ್ನು ಅವರ ಊರಿನ ಮೇಲಿಂದಲೇ ಹಾರಿಸಿಕೊಂಡು ಹೋಗಿ ಸಮುದ್ರದ ಹತ್ತಿರ ಇಳಿಸುತ್ತದೆ, ಅಲ್ಲಿಂದ ಅವರು ಬೆಂಗಳೂರಿನ ದಿಕ್ಕಿಗೇ ಮರಳಿ ಬರಬೇಕು. ಜಯನಗರದಿಂದ ಪುತ್ತೂರಿಗೆ ವಿಮಾನದಲ್ಲಿ ಆರು ಗಂಟೆಗೂ ಹೆಚ್ಚು, ನೇರ ಬಸ್ಸಿನಲ್ಲಿ ಏಳೂವರೆ ಗಂಟೆ. ಈ ಒಂದೂಕಾಲು ಗಂಟೆಗಾಗಿ ನಾಲ್ಕು ಪಟ್ಟು ಹಣ ಕೊಡುವುದು ನನ್ನ ದೃಷ್ಟಿಯಲ್ಲಿ ಸಮರ್ಥನೀಯವಲ್ಲ.

ಹಣದ ಮಾತು ಬಂದಾಗ ಟಿಕೆಟ್ ದರ ಒಂದೇ ಸಾಲದು. ಸಾಧಾರಣ ದಿನಗಳಲ್ಲಿ, ಎರಡು ಮೂರು ವಾರ ಮೊದಲು ತೆಗೆದರೆ ಟಿಕೆಟ್ ಎರಡೂವರೆಯಿಂದ ನಾಲ್ಕು ಸಾವಿರ ರೂಪಾಯಿಯ ನಡುವೆ ಸಿಗಬಹುದು. ದೀಪಾವಳಿಗೋ ವರ್ಷಾಂತ್ಯಕ್ಕೋ ಅದೇ ಆಸನಕ್ಕೆ ಎರಡು ಮೂರು ಪಟ್ಟು ಕೇಳುತ್ತಾರೆ. ಇದರ ಮೇಲೆ ಬೆಂಗಳೂರಿನ ಟ್ಯಾಕ್ಸಿಗೆ ಸಾವಿರದ ಆಸುಪಾಸು, ಬಜ್ಪೆಯಿಂದ ನಗರಕ್ಕೆ ಐದಾರು ನೂರು. ಒಬ್ಬರೇ ಹೋಗುವುದಾದರೆ ಬಿಎಂಟಿಸಿಯ ವಾಯುವಜ್ರ ಬಸ್ಸು ಈ ಹೊರೆಯನ್ನು ತಗ್ಗಿಸುತ್ತದೆ. ನಾಲ್ವರ ಕುಟುಂಬಕ್ಕೆ ಟ್ಯಾಕ್ಸಿಯೇ ಲಾಭ, ಏಕೆಂದರೆ ಅದರ ಬಾಡಿಗೆ ನಾಲ್ಕು ಪಾಲಾಗುತ್ತದೆ.

ಹವಾಮಾನದ ವಿಷಯದಲ್ಲಿ ಬಜ್ಪೆ ಸಾಮಾನ್ಯ ನಿಲ್ದಾಣವಲ್ಲ. 1951ರಲ್ಲಿ ಆರಂಭವಾದ ಈ ನಿಲ್ದಾಣ ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿ ಕಟ್ಟಿದ್ದು, ಮೇಜಿನಂತಿರುವ ಅದರ ರನ್‌ವೇಯ ಅಂಚಿನಾಚೆ ಇಳಿಜಾರು. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಮಂದಿ ಸತ್ತ ದುರಂತವನ್ನು ಕರಾವಳಿ ಮರೆತಿಲ್ಲ. ಇಂಥ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಮೋಡ ಕೆಳಗಿಳಿದು ರನ್‌ವೇ ಕಾಣದಾದಾಗ ಪೈಲಟ್‌ಗಳು ಆಕಾಶದಲ್ಲಿ ಸುತ್ತು ಹೊಡೆದು ಕಾಯುತ್ತಾರೆ, ಆಗಲೂ ತೆರವಾಗದಿದ್ದರೆ ಕಣ್ಣೂರಿಗೋ ಕೊಚ್ಚಿಗೋ ಬೆಂಗಳೂರಿಗೋ ತಿರುಗಿಸುತ್ತಾರೆ. ಹಾಗೆ ಮಾಡುವುದೇ ಸರಿ. ಒಂದು ಜುಲೈಯಲ್ಲಿ ನಾನು ಹತ್ತಿದ್ದ ಬೆಳಗಿನ ವಿಮಾನ ಬಜ್ಪೆಯ ಮೇಲೆ ಸುಮಾರು ಹೊತ್ತು ಸುತ್ತಿ ಬೆಂಗಳೂರಿಗೇ ಮರಳಿ, ಮಧ್ಯಾಹ್ನದವರೆಗೆ ಕಾಯಿಸಿ, ಕಡೆಗೆ ರದ್ದಾಯಿತು. ಆ ರಾತ್ರಿ ನಾನು ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತಿದೆ. ಒಂದು ಗಂಟೆಯ ಪ್ರಯಾಣಕ್ಕೆ ಇಪ್ಪತ್ತಾರು ಗಂಟೆ ಹಿಡಿದ ಆ ದಿನದಿಂದ, ಮಳೆಗಾಲದಲ್ಲಿ ಅದೇ ದಿನ ತಲಪಲೇಬೇಕಾದ ಕೆಲಸವಿದ್ದರೆ ನಾನು ಹಿಂದಿನ ರಾತ್ರಿಯೇ ಹೊರಡುತ್ತೇನೆ. ಎರಡೂವರೆ ಗಂಟೆಯೊಳಗಿನ ಇಂಥ ಕಿರು ಹಾರಾಟಗಳು ಎರಡು ಗಂಟೆ ತಡವಾದರೆ ವಿಮಾನಸಂಸ್ಥೆ ಉಪಾಹಾರ ಕೊಡಬೇಕು, ಆರು ಗಂಟೆಗಿಂತ ಹೆಚ್ಚು ತಡವಾಗುವುದಾದರೆ ಬದಲಿ ವಿಮಾನ ಅಥವಾ ಪೂರ್ತಿ ಹಣ ಮರಳಿ ಪಡೆಯುವ ಆಯ್ಕೆ ಕೊಡಬೇಕು ಎಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮವಿದೆ. ಕೌಂಟರಿನಲ್ಲಿ ಇದನ್ನು ನೆನಪಿಸುವುದಕ್ಕೆ ಸಂಕೋಚ ಬೇಡ.

ವಿಮಾನಕ್ಕೆ ಸಾಟಿಯಿಲ್ಲದ ಸಂದರ್ಭವೊಂದಿದೆ. ಬೆಳಿಗ್ಗೆ ಹೋಗಿ, ನೋಂದಣಿ ಕಚೇರಿಯಲ್ಲಿ ಸಹಿ ಹಾಕಿಯೋ ಸಮಾರಂಭದಲ್ಲಿ ಉಂಡೋ, ರಾತ್ರಿ ಮನೆಗೆ ಮರಳುವುದು. ಇದನ್ನು ಬೇರೆ ಯಾವ ವಾಹನದಿಂದಲೂ ಸಾಧಿಸಲಾಗದು. ಬೆನ್ನುನೋವಿನವರಿಗೆ, ಗಾಲಿಕುರ್ಚಿಯ ನೆರವು ಬೇಕಾದ ಹಿರಿಯರಿಗೆ, ಘಾಟಿಯ ತಿರುವುಗಳಲ್ಲಿ ವಾಂತಿಯಾಗುವ ಮಕ್ಕಳಿಗೆ ಕೂಡ ವಿಮಾನದ ದುಬಾರಿ ಟಿಕೆಟ್ ವ್ಯರ್ಥವಲ್ಲ.

ರಾತ್ರಿ ಬಸ್ಸು

ಬೆಂಗಳೂರು–ಮಂಗಳೂರು ಮಾರ್ಗದ ನಿಜವಾದ ಬೆನ್ನೆಲುಬು ರಾತ್ರಿ ಬಸ್ಸೇ. ಕೆಎಸ್‌ಆರ್‌ಟಿಸಿಯ ಕೆಂಪು ಬಸ್ಸಿನಿಂದ ರಾಜಹಂಸ, ಪಲ್ಲಕ್ಕಿ, ಐರಾವತ, ಅಂಬಾರಿಯವರೆಗೆ ಎಲ್ಲ ಕಿಸೆಗಳಿಗೂ ಒಗ್ಗುವ ದರ್ಜೆಗಳಿವೆ, ಖಾಸಗಿ ಬಸ್ಸುಗಳಂತೂ ನಗರದ ಮೂಲೆ ಮೂಲೆಯಿಂದ ಹೊರಡುತ್ತವೆ. ಹವಾನಿಯಂತ್ರಿತ ಬಸ್ಸಿಗೆ ಸಾವಿರದ ಆಸುಪಾಸಿನಲ್ಲಿ ಶುರುವಾಗುವ ದರ ಮಲಗುವ ಬಸ್ಸಿಗೆ ಅದಕ್ಕಿಂತ ಮೇಲೇರುತ್ತದೆ. ಹಬ್ಬದ ಹಿಂದಿನ ದಿನ ಖಾಸಗಿಯವರ ದರ ವಿಮಾನದ ದರವನ್ನು ಮುಟ್ಟಿದರೂ ಆಶ್ಚರ್ಯವಿಲ್ಲ, ಅಂಥ ದಿನ ಸರ್ಕಾರಿ ಬಸ್ಸಿನ ಹೆಚ್ಚುವರಿ ಸೇವೆಗಳನ್ನು ಮೊದಲು ನೋಡಬೇಕು. ಕೈಯಲ್ಲಿ ಹಣ ಕಡಿಮೆ ಇರುವ ಹೆಣ್ಣುಮಕ್ಕಳಿಗೆ 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದಾಗಿ ಕರ್ನಾಟಕ ಸಾರಿಗೆಯ ಕೆಂಪು ಬಸ್ಸಿನಲ್ಲಿ ಈ ಪ್ರಯಾಣ ಉಚಿತ. ಆದರೆ ರಾಜಹಂಸ, ಐರಾವತ, ಮಲಗುವ ಬಸ್ಸುಗಳಿಗೆ ಅದು ಅನ್ವಯಿಸುವುದಿಲ್ಲ, ನೆಟ್ಟಗಿನ ಬೆನ್ನಿನ ಆಸನದಲ್ಲಿ ಎಂಟು ಗಂಟೆ ಕೂರುವ ತಾಳ್ಮೆಯೂ ಬೇಕು.

ಎಚ್ಚರದ ಗಂಟೆಗಳ ಲೆಕ್ಕದಲ್ಲಿ ಬಸ್ಸು ವಿಮಾನವನ್ನು ಮೀರಿಸುತ್ತದೆ. ರಾತ್ರಿ ಊಟ ಮುಗಿಸಿ ಹತ್ತೂವರೆಗೆ ಹತ್ತಿ ಮಲಗಿದವರು ಬೆಳಿಗ್ಗೆ ಆರೂವರೆಗೆ ಮಂಗಳೂರಿನಲ್ಲಿ ಇಳಿದರೆ ಕಳೆದುಕೊಂಡ ಎಚ್ಚರದ ಸಮಯ ಹೆಚ್ಚೆಂದರೆ ಒಂದೂವರೆ ಗಂಟೆ, ಅದೇ ವಿಮಾನದಲ್ಲಾದರೆ ಐದು ಗಂಟೆ. ರಜೆ ಹಾಕದೆ ಶುಕ್ರವಾರ ರಾತ್ರಿ ಹೊರಟು ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹಾಜರಾಗುವ ಸಾವಿರಾರು ಜನ ಈ ಸತ್ಯವನ್ನು ಯಾರೂ ಹೇಳಿಕೊಡದೆಯೇ ಕಂಡುಕೊಂಡಿದ್ದಾರೆ. ಸಕಲೇಶಪುರದ ಚಳಿಯಲ್ಲಿ ಹೊದೆದುಕೊಂಡ ಕಂಬಳಿ ಗುಂಡ್ಯ ದಾಟುವಷ್ಟರಲ್ಲಿ ಭಾರವೆನಿಸುತ್ತದೆ. ಮೈ ಅಂಟತೊಡಗಿತೆಂದರೆ ಕಣ್ಣು ತೆರೆಯದೆಯೇ ಘಾಟಿ ಇಳಿದಾಯಿತೆಂದು ಗೊತ್ತಾಗುತ್ತದೆ.

ಆದರೆ ಬಸ್ಸಿನಲ್ಲಿ ನಿದ್ದೆ ಬಾರದವರಿಗೆ ಈ ಲೆಕ್ಕ ಪೂರ್ತಿ ತಲೆಕೆಳಗು. ಅವರು ಎಂಟು ಗಂಟೆಗಳ ಜತೆಗೆ ಮರುದಿನದ ಅರ್ಧವನ್ನೂ ಕಳೆದುಕೊಳ್ಳುತ್ತಾರೆ. ಬಸ್ಸಿನಲ್ಲಿ ಶೌಚಾಲಯವಿಲ್ಲದಿರುವುದು ಸಕ್ಕರೆ ಕಾಯಿಲೆಯವರಿಗೆ, ಬಸುರಿಯರಿಗೆ, ವಯಸ್ಸಾದವರಿಗೆ ಸಣ್ಣ ವಿಷಯವಲ್ಲ. ನಡುವೆ ಹೆದ್ದಾರಿಯ ಹೋಟೆಲೊಂದರ ಮುಂದೆ ನಿಲ್ಲಿಸುತ್ತಾರಾದರೂ ಆ ಹೊತ್ತು ಚಾಲಕರ ಅನುಕೂಲದ್ದು, ಪ್ರಯಾಣಿಕರದ್ದಲ್ಲ.

ಮಳೆಗಾಲದಲ್ಲಿ ಶಿರಾಡಿಯ ಮಾತು ಬೇರೆ. ದೋಣಿಗಲ್ ಭಾಗದಲ್ಲಿ ರಸ್ತೆಯ ಅಂಚು ಕುಸಿಯುವುದೋ ಮೇಲಿನ ಗುಡ್ಡ ಜಾರುವುದೋ ಮಳೆಗಾಲದ ಸುದ್ದಿಗಳಲ್ಲಿ ಪದೇ ಪದೇ ಬರುತ್ತದೆ. 2018ರ ಆಗಸ್ಟಿನಲ್ಲಿಯೂ 2024ರ ಜುಲೈಯಲ್ಲಿಯೂ ಇಲ್ಲಿ ಸಂಚಾರ ನಿಂತುಹೋಗಿತ್ತು. ಆಗ ಬಸ್ಸುಗಳು ಮೂಡಿಗೆರೆ, ಕೊಟ್ಟಿಗೆಹಾರದ ಮೂಲಕ ಚಾರ್ಮಾಡಿಗೋ, ಮಡಿಕೇರಿಯ ಮೂಲಕ ಸಂಪಾಜೆಗೋ ತಿರುಗುತ್ತವೆ, ಎರಡು ಮೂರು ಗಂಟೆ ಹೆಚ್ಚಾಗುತ್ತದೆ. ಗಮನಿಸಬೇಕಾದದ್ದು ಇದು: ಬಸ್ಸು ಕೆಟ್ಟಾಗ ಸಾಮಾನ್ಯವಾಗಿ ಗಂಟೆಗಳ ಲೆಕ್ಕದಲ್ಲಿ ಕೆಡುತ್ತದೆ, ವಿಮಾನ ಕೆಟ್ಟಾಗ ದಿನದ ಲೆಕ್ಕದಲ್ಲಿ ಕೆಡುತ್ತದೆ. ಆದರೆ ಮೂರೂ ಘಾಟಿಗಳು ಒಟ್ಟಿಗೆ ಮುಚ್ಚಿದ ದಿನಗಳಲ್ಲಿ ವಿಮಾನವೇ ಗತಿ.

ರೈಲು

ಬೆಂಗಳೂರಿನಿಂದ ಹಾಸನಕ್ಕೆ ಕುಣಿಗಲ್, ಶ್ರವಣಬೆಳಗೊಳದ ಮೂಲಕ ನೇರ ಹಳಿ ಬಿದ್ದದ್ದು 2017ರಲ್ಲಿ. ಅದಕ್ಕೆ ಮೊದಲು ಮಂಗಳೂರಿನ ರೈಲು ಮೈಸೂರನ್ನೋ ಅರಸೀಕೆರೆಯನ್ನೋ ಸುತ್ತಿ ಹೋಗಬೇಕಾಗಿತ್ತು. ಹಾಸನದವರೆಗೆ ಈಗ ರೈಲು ಚುರುಕಾಗಿಯೇ ಓಡುತ್ತದೆ. ಸಮಯ ಹೋಗುವುದು ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ 55 ಕಿ.ಮೀ. ಘಾಟಿಯಲ್ಲಿ. ಪ್ರತಿ ಐವತ್ತು ಮೀಟರಿಗೆ ಒಂದು ಮೀಟರು ಇಳಿಯುವ ಕಡಿದಾದ ಹಳಿ, 57 ಸುರಂಗಗಳು, ಒಂದರ ಹಿಂದೊಂದು ಸೇತುವೆ ಮತ್ತು ತಿರುವು. ಇಲ್ಲಿ ರೈಲಿನ ವೇಗ ಗಂಟೆಗೆ ಮೂವತ್ತು ಕಿ.ಮೀ. ಆಸುಪಾಸಿಗೆ ಇಳಿಯುತ್ತದೆ. ಹಾಗಾಗಿ ರಾತ್ರಿ ಒಂಬತ್ತೂವರೆಯ ಸುಮಾರಿಗೆ ಬೆಂಗಳೂರು ಬಿಡುವ ಕಣ್ಣೂರು ಎಕ್ಸ್‌ಪ್ರೆಸ್ ಮಂಗಳೂರು ಸೆಂಟ್ರಲ್ ಮುಟ್ಟುವಾಗ ಬೆಳಿಗ್ಗೆ ಏಳರ ಹೊತ್ತಾಗುತ್ತದೆ.

ಬಸ್ಸಿಗಿಂತ ಒಂದೆರಡು ಗಂಟೆ ಹೆಚ್ಚು ಹಿಡಿದರೂ ರಾತ್ರಿ ರೈಲನ್ನು ನಾನು ಹಿರಿಯರಿಗೆ ಮೊದಲ ಆಯ್ಕೆಯಾಗಿ ಸೂಚಿಸುತ್ತೇನೆ. ಕಾಲು ಚಾಚಿ ಮಲಗಬಹುದು, ಎದ್ದು ಓಡಾಡಬಹುದು, ಶೌಚಾಲಯವಿದೆ, ಘಾಟಿಯ ತಿರುವುಗಳು ಹೊಟ್ಟೆಗೆ ತಿಳಿಯುವುದಿಲ್ಲ. ಸ್ಲೀಪರ್ ದರ್ಜೆಯ ಟಿಕೆಟ್ ಮುನ್ನೂರು ಚಿಲ್ಲರೆ ರೂಪಾಯಿಯಲ್ಲಿ ಮುಗಿಯುವುದರಿಂದ ಮೂರು ನಾಲ್ಕು ಜನರ ಕುಟುಂಬಕ್ಕೆ ಇದಕ್ಕಿಂತ ಅಗ್ಗದ ನೆಮ್ಮದಿಯ ದಾರಿ ಇಲ್ಲ. ಪುತ್ತೂರಿನವರು ಕಬಕ ಪುತ್ತೂರಿನಲ್ಲಿ, ಬಂಟ್ವಾಳದವರು ಬಿ.ಸಿ. ರೋಡಿನ ಬಂಟ್ವಾಳ ನಿಲ್ದಾಣದಲ್ಲಿ, ಕುಕ್ಕೆಗೆ ಹೋಗುವವರು ನೆಟ್ಟಣದ ಸುಬ್ರಹ್ಮಣ್ಯ ರಸ್ತೆಯಲ್ಲಿ ಇಳಿಯಬಹುದು. ಉಡುಪಿ, ಕುಂದಾಪುರದವರು ಮಂಗಳೂರಿನ ರೈಲು ಹಿಡಿಯದೆ ಪಂಚಗಂಗಾ ಎಕ್ಸ್‌ಪ್ರೆಸ್ ನೋಡಬೇಕು. ಅದು ಪಡೀಲಿನ ಬೈಪಾಸ್ ಹಳಿಯಲ್ಲಿ ಮಂಗಳೂರು ಸೆಂಟ್ರಲ್‌ಗೆ ಹೋಗದೆಯೇ ಕೊಂಕಣದ ಕಡೆ ತಿರುಗುತ್ತದೆ. ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ ಹೊರಡುವ ಮುರ್ಡೇಶ್ವರದ ರೈಲು ಮೈಸೂರು ಸುತ್ತಿ ಬರುವುದರಿಂದ ಹೆಚ್ಚು ತಡ.

ರೈಲಿನ ದೋಷ ಒಂದೇ, ಆದರೆ ದೊಡ್ಡದು: ಟಿಕೆಟ್ ಸಿಗುವುದಿಲ್ಲ. ಮುಂಗಡ ಕಾಯ್ದಿರಿಸುವಿಕೆ ಈಗ 60 ದಿನ ಮೊದಲು ತೆರೆಯುತ್ತದೆ, ವಾರಾಂತ್ಯದ ಆಸನಗಳು ಬಹು ಬೇಗ ಮುಗಿಯುತ್ತವೆ. ಇದು ಯೋಜನೆ ಹಾಕಿ ಬದುಕುವವರ ವಾಹನ. ಇನ್ನೊಂದು, ಘಾಟಿ ಹಳಿಯ ಮೇಲೆ ಮಣ್ಣು ಕುಸಿದರೆ ಬಸ್ಸಿನಂತೆ ಅದಕ್ಕೆ ಬದಲಿ ಘಾಟಿ ಇಲ್ಲ. 2024ರ ಜುಲೈ ಕೊನೆಯಲ್ಲಿ ಯಡಕುಮೇರಿ ಬಳಿ ಕುಸಿತವಾದಾಗ ದಿನಗಟ್ಟಲೆ ರೈಲುಗಳು ರದ್ದಾದವು. ಆದರೂ ಪ್ರಯಾಣಕ್ಕೆ ಮೊದಲೇ ರದ್ದಾದರೆ ಹಣ ಪೂರ್ತಿ ಮರಳುತ್ತದೆ, ರೈಲು ಮೂರು ಗಂಟೆಗಿಂತ ಹೆಚ್ಚು ತಡವಾಗಿ, ಪ್ರಯಾಣವೇ ಬೇಡವೆಂದು ನೀವೇ ನಿರ್ಧರಿಸಿದರೂ ಮರಳಿ ಪಡೆಯಬಹುದು.

ಹಗಲು ರೈಲಿನ ಬಗ್ಗೆ ಒಂದು ಮಾತು. ಬೆಳಿಗ್ಗೆ ಏಳರ ಸುಮಾರಿಗೆ ಯಶವಂತಪುರ ಬಿಟ್ಟು ಸಂಜೆ ನಾಲ್ಕೈದರ ಹೊತ್ತಿಗೆ ಮಂಗಳೂರು ಜಂಕ್ಷನ್ ಸೇರುವ ಈ ರೈಲಿಗೆ 2021ರ ಜುಲೈಯಿಂದ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿಗಳಿವೆ. ಸಮಯದ ಲೆಕ್ಕದಲ್ಲಿ ಇದು ಎಲ್ಲಕ್ಕಿಂತ ಕೆಟ್ಟ ಆಯ್ಕೆ: ಒಂಬತ್ತು ಹತ್ತು ಎಚ್ಚರದ ಗಂಟೆಗಳು ಹೋಗುತ್ತವೆ. ಆದರೆ ಮಳೆ ಬಿದ್ದ ಮೇಲೆ ಸೆಪ್ಟೆಂಬರಿನಲ್ಲಿ ಸಕಲೇಶಪುರದಿಂದ ಕೆಳಗಿಳಿಯುವ ಆ ಎರಡು ಗಂಟೆಗಳನ್ನು ಪ್ರಯಾಣದ ಸಮಯವೆಂದು ಎಣಿಸುವುದೇ ತಪ್ಪು. ಮಕ್ಕಳಿಗೆ ಒಮ್ಮೆಯಾದರೂ ತೋರಿಸಬೇಕಾದ ದಾರಿ ಅದು. ಘಾಟಿಯಲ್ಲಿ ಕಾಮಗಾರಿ ನಡೆಯುವಾಗ ಹಗಲು ರೈಲುಗಳನ್ನು ನಿಲ್ಲಿಸುವುದುಂಟಾದ್ದರಿಂದ ಹೊರಡುವ ಮೊದಲು ವಿಚಾರಿಸಿಕೊಳ್ಳುವುದು ಒಳಿತು.

ಸ್ವಂತ ಕಾರು

ಕಾರಿನ ವಿಷಯ ಬೇಗ ಮುಗಿಯುವಂಥದು. ಲೀಟರಿಗೆ ಹದಿನೈದು ಕಿ.ಮೀ. ಕೊಡುವ ಕಾರಿಗೆ 350 ಕಿ.ಮೀ.ಗೆ ಇಪ್ಪತ್ತಮೂರು ಇಪ್ಪತ್ತನಾಲ್ಕು ಲೀಟರ್ ಪೆಟ್ರೋಲ್ ಬೇಕು. ಲೀಟರಿಗೆ ನೂರಕ್ಕೆ ಸ್ವಲ್ಪ ಮೇಲೆಂದು ಹಿಡಿದರೆ ಸುಮಾರು ಎರಡೂವರೆ ಸಾವಿರ, ಅದರ ಮೇಲೆ ಟೋಲ್. ಒಬ್ಬರಿಗೆ ಇದು ವಿಮಾನದಷ್ಟೇ ದುಬಾರಿ, ನಾಲ್ವರಿಗೆ ತಲೆಗೆ ಏಳು ಎಂಟು ನೂರು. ಊರಿನಲ್ಲಿ ಇಳಿದ ಮೇಲೆ ನೆಂಟರ ಮನೆ, ದೇವಸ್ಥಾನ, ತೋಟ ಎಂದು ಓಡಾಟವಿದ್ದರೆ ಕಾರು ಅಲ್ಲಿ ತನ್ನ ಬೆಲೆ ತೀರಿಸುತ್ತದೆ. ಮರಳುವಾಗ ತೆಂಗಿನಕಾಯಿ, ಹಲಸಿನ ಹಣ್ಣು, ಕುಚ್ಚಲಕ್ಕಿಯ ಮೂಟೆ, ಉಪ್ಪಿನಕಾಯಿ ಭರಣಿ ಎಲ್ಲಕ್ಕೂ ಅದರಲ್ಲಿ ಜಾಗವಿದೆ. ವಿಮಾನದಲ್ಲಿ ಕೈಚೀಲಕ್ಕೆ 7 ಕಿಲೋ, ಒಳಗೆ ಹಾಕುವ ಚೀಲಕ್ಕೆ 15 ಕಿಲೋ ಎಂಬ ಮಿತಿಯ ಜತೆಗೆ ಒಣ ಕೊಬ್ಬರಿಗೆ ಪ್ರವೇಶವೇ ಇಲ್ಲ, ಅದರಲ್ಲಿ ಎಣ್ಣೆಯ ಅಂಶ ಹೆಚ್ಚಿದ್ದು ತಾನಾಗಿಯೇ ಬಿಸಿಯಾಗಿ ಉರಿಯುವ ಸಾಧ್ಯತೆ ಇರುವುದರಿಂದ. ದೊಡ್ಡಮ್ಮ ಪ್ರೀತಿಯಿಂದ ಕಟ್ಟಿಕೊಟ್ಟ ಕೊಬ್ಬರಿ ಬಜ್ಪೆಯ ತಪಾಸಣೆಯಲ್ಲಿ ಉಳಿದುಹೋದ ಕತೆ ಅನೇಕ ಮನೆಗಳಲ್ಲಿದೆ.

ಕಾರಿನ ನಿಜವಾದ ಬೆಲೆ ಚಾಲಕನ ದಣಿವು. ವಾರವಿಡೀ ದುಡಿದು ಶುಕ್ರವಾರ ರಾತ್ರಿ ಒಬ್ಬರೇ ಕಾರು ಹತ್ತಿ ಶಿರಾಡಿಯನ್ನು ನಡುರಾತ್ರಿ ಎರಡಕ್ಕೆ ಇಳಿಯುವುದನ್ನು ನಾನು ಯಾರಿಗೂ ಸೂಚಿಸಲಾರೆ. ಬೆಳಿಗ್ಗೆ ಐದಕ್ಕೆ ಹೊರಟು ಹಾಸನದಲ್ಲಿ ತಿಂಡಿ ತಿಂದು ಹಗಲಿನಲ್ಲೇ ಘಾಟಿ ಇಳಿಯುವುದಾದರೆ, ಅದೂ ಇಬ್ಬರು ಓಡಿಸಬಲ್ಲವರಿದ್ದರೆ, ಬೇಡವೆನ್ನಲು ಕಾರಣವಿಲ್ಲ.

ತುರ್ತು ಹೊತ್ತಿನಲ್ಲಿ

ಊರಿನಿಂದ ಕೆಟ್ಟ ಸುದ್ದಿ ಬಂದಾಗ ಎಲ್ಲರ ಮನಸ್ಸಿಗೂ ಮೊದಲು ಬರುವುದು ವಿಮಾನ. ಸುದ್ದಿ ಬಂದ ಹೊತ್ತು ಯಾವುದು ಎಂಬುದರ ಮೇಲೆ ಇದು ಸರಿಯೋ ತಪ್ಪೋ ಆಗುತ್ತದೆ. ಬೆಳಿಗ್ಗೆ ಆರಕ್ಕೆ ತಿಳಿದರೆ ಹನ್ನೊಂದರ ಒಳಗೆ ಹೊರಡುವ ಯಾವುದಾದರೂ ವಿಮಾನಕ್ಕೆ, ದರ ಎಷ್ಟಿದ್ದರೂ, ಪ್ರಯತ್ನಿಸಬೇಕು, ಮಧ್ಯಾಹ್ನದೊಳಗೆ ಮನೆಯಲ್ಲಿರಬಹುದು. ರಾತ್ರಿ ಒಂಬತ್ತಕ್ಕೆ ತಿಳಿದರೆ ಮರುದಿನದ ವಿಮಾನಕ್ಕಾಗಿ ಬೆಂಗಳೂರಿನಲ್ಲಿ ಕೂರುವುದರಿಂದ ಏನೂ ದಕ್ಕದು, ಹನ್ನೊಂದರ ಬಸ್ಸು ಬೆಳಗಿನ ವಿಮಾನ ಇಳಿಯುವ ಹೊತ್ತಿಗೆ ಮಂಗಳೂರಿನಲ್ಲಿರುತ್ತದೆ. ಮಧ್ಯಾಹ್ನ ಎರಡು ಮೂರರ ಹೊತ್ತು ಮಾತ್ರ ಕಷ್ಟದ್ದು. ಸಂಜೆಯ ವಿಮಾನ ಸಿಕ್ಕರೂ ನಗರದ ಸಂಜೆ ಸಂಚಾರ ಅದನ್ನು ತಪ್ಪಿಸಬಹುದು. ಆಗ ನಗರದ ಉತ್ತರದವರು ವಿಮಾನಕ್ಕೆ, ಪಶ್ಚಿಮದವರು ಬಾಡಿಗೆ ಕಾರಿಗೆ ಹೋಗುವುದು ಮೇಲು. ಅಂಥ ದಿನ ಸ್ವತಃ ಓಡಿಸಬಾರದು, ಚಾಲಕನಿರುವ ಕಾರೇ ಆಗಬೇಕು.

ಮರಳಿ ಬರುವಾಗ

ಹೋಗುವಾಗ ಒಂದು, ಬರುವಾಗ ಇನ್ನೊಂದು ಎಂದು ಬೆರೆಸಿಕೊಳ್ಳುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಬಹಳ ಮಂದಿಗೆ ಅದೇ ಒಳ್ಳೆಯ ಉತ್ತರ. ರಾತ್ರಿ ಬಸ್ಸಿನಲ್ಲಿ ಹೋಗಿ ಭಾನುವಾರ ಸಂಜೆಯ ವಿಮಾನದಲ್ಲಿ ಬಂದರೆ ಸೋಮವಾರಕ್ಕೆ ಮೈ ಹಗುರವಾಗಿರುತ್ತದೆ. ಆದರೆ ಭಾನುವಾರ ಸಂಜೆ ಎಲ್ಲರೂ ಮರಳುವ ಹೊತ್ತಾದ್ದರಿಂದ ದರ ಏರಿರುತ್ತದೆ, ಸಾಧ್ಯವಾದರೆ ಸೋಮವಾರ ಬೆಳಗಿನದನ್ನು ಹೋಲಿಸಿ ನೋಡಬೇಕು. ಡಿಸೆಂಬರ್, ಜನವರಿಯ ಮುಂಜಾನೆ ದೇವನಹಳ್ಳಿಯಲ್ಲಿ ಮಂಜು ಕವಿಯುವುದರಿಂದ ಆ ಎರಡು ತಿಂಗಳಲ್ಲಿ ತೀರ ಬೇಗನೆಯ ವಿಮಾನ ಬೇಡ.

ಬಸ್ಸಿನಲ್ಲೇ ಬರುವವರಿಗೆ ಕೊನೆಯ ಹತ್ತು ಹದಿನೈದು ಕಿಲೋಮೀಟರುಗಳೇ ಎಲ್ಲಕ್ಕಿಂತ ನಿಧಾನ. ಆರಕ್ಕೆ ನೆಲಮಂಗಲ ಮುಟ್ಟಿದ ಬಸ್ಸು ಗೊರಗುಂಟೆಪಾಳ್ಯದಲ್ಲಿ ಸಿಕ್ಕಿಕೊಂಡು ಏಳೂವರೆಗೆ ಮೆಜೆಸ್ಟಿಕ್ ಸೇರುವುದು ಸೋಮವಾರಗಳ ಮಾಮೂಲು. ನಮ್ಮ ಮೆಟ್ರೊದ ಹಸಿರು ಮಾರ್ಗ 2024ರ ನವೆಂಬರಿನಿಂದ ಮಾದಾವರದವರೆಗೆ ಓಡುತ್ತಿದೆ. ಜಯನಗರ, ಬನಶಂಕರಿ, ಯಲಚೇನಹಳ್ಳಿಯ ಕಡೆಯವರು ಕಂಡಕ್ಟರಿಗೆ ಮೊದಲೇ ಹೇಳಿಟ್ಟು ತುಮಕೂರು ರಸ್ತೆಯಲ್ಲೇ ಇಳಿದು ಮೆಟ್ರೊ ಹತ್ತಿದರೆ, ತಾವು ಬಿಟ್ಟುಬಂದ ಬಸ್ಸು ಯಶವಂತಪುರ ದಾಟುವ ಹೊತ್ತಿಗೆ ಮನೆಯಲ್ಲಿ ಕಾಫಿ ಕುಡಿಯುತ್ತಿರಬಹುದು.